ಏಳನೇ ಪ್ರಶ್ನೆ

ವೇಕ್‌ಫೀಲ್ಡಿನಾಚೆ, ಟೈರಿನ ಅಂಗಡಿ ದಾಟಿದರೆ
ಕಸಾಯಿಖಾನೆಯ ಹಸಿರು ಗೇಟು.
ಮಂಗಳವಾರ, ಬೆಳಗಿನ ಐದೂಕಾಲು.
ಹನ್ನೊಂದು ಜನ, ಹನ್ನೊಂದು ನೀರಿನ ಬಾಟಲಿ,
ಫ್ಲಾಸ್ಕಿನಲ್ಲಿ ಓಟ್ಸ್ ಹಾಲಿನ ಚಹಾ.
ನನ್ನ ಕೈಲಿ ಪ್ರಶ್ನಾವಳಿ, ದಾರ ಕಟ್ಟಿದ ಪೆನ್ಸಿಲ್.
ಈ ಚಳಿಗೆ ಪೆನ್ನು ಬರೆಯುವುದಿಲ್ಲ.

ವಯಸ್ಸು. ಕಸುಬು. ಯಾರು ಕರೆತಂದರು.
ಎಷ್ಟು ವರ್ಷ. ನಡುವೆ ಬಿಟ್ಟದ್ದುಂಟೆ.
ಬಿಟ್ಟವರ ಪಟ್ಟಿ ಮೋರೀನಳಿಗೆ ಬಾಯಿಪಾಠ:
ಒಬ್ಬಳಿಗೆ ಮದುವೆಯಾಯಿತು, ಒಬ್ಬನಿಗೆ ಬೆನ್ನುನೋವು,
ಮತ್ತೊಬ್ಬ ಜೇನುತುಪ್ಪದ ವಿಷಯಕ್ಕೆ ಜಗಳವಾಡಿ
ಬೇರೆ ಗುಂಪು ಕಟ್ಟಿದ. ಅದರಲ್ಲೀಗ ಇಬ್ಬರೇ,
ಅವರೂ ಮಾತು ಬಿಟ್ಟಿದ್ದಾರಂತೆ.
ನಲವತ್ತು ವರ್ಷ ನರ್ಸಾಗಿದ್ದವಳು, ನಗುತ್ತಾಳೆ:
"ಹಂದಿಗಳ ಜೊತೆ ಹೇಗೋ ಏಗಬಹುದು ಕಣೇ,
ಹಂದಿ ಉಳಿಸುವವರ ಜೊತೆ..."

ಲಾರಿ ಬಂತು. ಒಪ್ಪಂದದಂತೆ ಎರಡು ನಿಮಿಷ.
ಕಿಂಡಿಗಳಲ್ಲಿ ಒದ್ದೆ ಮೂಗುಗಳು,
ಒಂದು ಕಣ್ಣು, ಬಿಳಿ ರೆಪ್ಪೆ. ನನ್ನನ್ನೇ ನೋಡಿತು
ಎಂದು ಬರೆದರೆ ಗೈಡು ಕೆಂಪು ಗೆರೆ ಎಳೆಯುತ್ತಾರೆ.
ಡ್ರೈವರ್ ಮಿರ್ಚಾ ಎಂಜಿನ್ ಆರಿಸಿ ಸಿಗರೇಟು ಹಚ್ಚಿದ.
ಅವನಿಗೂ ಒಂದು ಹಾಳೆ ಇರಬೇಕಿತ್ತು, ನಾನು ತಂದಿಲ್ಲ.
ರಾತ್ರಿ ಪಾಳಿಯವರು ಹೊರಬಂದರು,
ಬಿಳಿ ಬೂಟು ಕಂಕುಳಲ್ಲಿ, ಟೋಪಿ ಕಣ್ಣಿನ ತನಕ.
"ಕೊಲೆಗಾರರೇ!" ಕೂಗಿಬಿಟ್ಟ ಟೋಬಿ, ವಯಸ್ಸು ಹತ್ತೊಂಬತ್ತು.
ಮೋರೀನ್ ಅವನ ತೋಳು ಒತ್ತಿದಳು.

ಏಳನೆಯದು: ಚಿಕ್ಕಂದಿನಲ್ಲಿ ಮನೆಯಲ್ಲಿ ಏನು ತಿನ್ನುತ್ತಿದ್ದಿರಿ?
ಬೇಕನ್, ಅನ್ನುತ್ತಾರೆ. ಭಾನುವಾರದ ರೋಸ್ಟು. ಅಜ್ಜಿಯ ಪೈ.
ಅನ್ನುವಾಗ ದನಿ ತುಸು ಮೆತ್ತಗಾಗುತ್ತದೆ,
ಅದಕ್ಕೆ ಕಾಲಂ ಇಲ್ಲ.
"ನೀನು ಪುಣ್ಯವಂತೆ," ಅಂದ ಟೋಬಿ, "ನಿಮ್ಮ ದೇಶದಲ್ಲಿ
ಬಿಡುವ ಕಷ್ಟವೇ ಇಲ್ಲ, ಹುಟ್ಟಿನಿಂದಲೇ..."

ದಾವಣಗೆರೆಯ ಹಳೇ ಪೇಟೆಯಲ್ಲಿ ಅಪ್ಪನ ಅಂಗಡಿ.
ಕೊಕ್ಕೆಗೆ ತೂಗಿದ ಮರಿ, ಕಟ್ಟಿಕೊಡಲು ಮುತ್ತುಗದೆಲೆ,
ನಸುಕಿಗೇ ಸಾಣೆಕಲ್ಲಿನ ಸದ್ದು.
ನಿಘಂಟಿನಲ್ಲಿ ಕಟುಕ ಎಂಬುದಕ್ಕೆ ಎರಡು ಅರ್ಥ,
ಮೊದಲನೆಯದು ಅಪ್ಪ.
ಎರಡನೆಯದನ್ನು ಮೇಷ್ಟ್ರು ಓದಿದಾಗ
ಇಡೀ ಕ್ಲಾಸು ನನ್ನ ಬೆಂಚಿನತ್ತ ತಿರುಗಿತ್ತು.
ಕೊಯ್ಯುವ ಮುಂಚೆ ಮರಿಗೆ ನೀರು ಕುಡಿಸುತ್ತಿದ್ದ,
ಬೊಗಸೆಯಲ್ಲಿ, ಅವಸರವಿಲ್ಲದೆ.

ನಾನು ಬಿಟ್ಟು ಆರು ವರ್ಷ. ಅವನಿಗೆ ಹೇಳಿಲ್ಲ.
ಫೋನಿನಲ್ಲಿ ಊಟಕ್ಕೇನು ಅಂದರೆ ಸಾರು ಅನ್ನುತ್ತೇನೆ,
ಯಾವುದರದ್ದೆಂದು ಅವನೂ ಕೇಳುವುದಿಲ್ಲ.

ಎರಡು ನಿಮಿಷ ಮುಗಿಯಿತು.
ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಮಿರ್ಚಾ ಕೈ ಚಾಚಿದ,
ಕೊಟ್ಟೆ, ಎತ್ತಿ ಕುಡಿದ, ಗೇಟು ತೆರೆಯಿತು.

ಮೋರೀನ್ ಪೆನ್ಸಿಲ್ ಕಸಿದುಕೊಂಡಳು:
"ನಿನ್ನದನ್ನೂ ತುಂಬೋಣ. ಏಳನೆಯದು?"
ಬೋಟಿ, ಅಂದೆ.
"ಸ್ಪೆಲಿಂಗ್ ಹೇಳು."