ಸದ್ದು ತೆಗೆಯುವ ಕೆಲಸ

ಇಪ್ಪತ್ನಾಲ್ಕು ನಿಮಿಷದ ಟೇಪು. ಬರೀ ದನಿ, ಚಿತ್ರವಿಲ್ಲ.
ಚಿತ್ರವನ್ನು ನಿಗಮದವರು ಎಂದೋ ಅಳಿಸಿ
ಅದರ ಮೇಲೆ ಕುದುರೆ ಜಿಗಿತದ ಪಂದ್ಯ ತುಂಬಿಕೊಂಡರು.
ಟೇಪು ದುಬಾರಿ, ಕಪಾಟು ಚಿಕ್ಕದು,
ನೋಡಿದ ಕಥೆಯನ್ನೇ ಮತ್ತೆ ಯಾರು ನೋಡುತ್ತಾರೆ ಎಂದು
ಹಸಿರು ಶಾಯಿಯಲ್ಲಿ ಯಾರೋ ರುಜು ಹಾಕಿದ್ದಾರೆ.
ಆ ಕಾಗದ ಮಾತ್ರ ಭದ್ರವಾಗಿದೆ.

ಸಾಲ್ಫರ್ಡಿನ ಕಿಟಕಿಯಿಲ್ಲದ ಕೋಣೆಯಲ್ಲಿ
ಹೆಡ್‌ಫೋನು ಕಿವಿಗೆ ಕಚ್ಚಿಸಿಕೊಂಡು ಕೂತಿದ್ದೇನೆ.
'ಹನ್ನೊಂದನೆಯ ಬಂದರು', ನಾಲ್ಕನೇ ವರ್ಷ, ಕಂತು ಒಂಬತ್ತು.
ಒಂದು ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ
ಬಂದರು ಹುಡುಕಿಕೊಂಡು ಅಲೆಯುತ್ತದೆ. ಸಿಗುವುದಿಲ್ಲ.
ಸಿಕ್ಕರೆ ಬರೆಯುವವರ ಹೊಟ್ಟೆಪಾಡು ಏನಾಗಬೇಕು?

ಮೂರು ಸಲ ನಿಲ್ಲಿಸಿದರು:
ಒಮ್ಮೆ ಫುಟ್‌ಬಾಲಿಗಾಗಿ, ಒಮ್ಮೆ ಬಡಗಿಗಳ ಮುಷ್ಕರಕ್ಕೆ,
ಒಮ್ಮೆ ಎದುರು ಚಾನೆಲ್ಲಿನಲ್ಲಿ ನಾಯಿ ಕುಣಿಸುವವನಿಗೆ ಸೋತು.
ಮೂರು ಸಲವೂ ಚೀಲಗಟ್ಟಲೆ ಕಾಗದ ಬಂದವು,
ಹೆಚ್ಚಿನವು ಪೆನ್ಸಿಲ್ಲಿನವು.
ಸೋಮವಾರದ ವರದಿಯೊಂದು ಕಡತದಲ್ಲಿದೆ:
'ಮೆಚ್ಚುಗೆ, ನೂರಕ್ಕೆ ಐವತ್ತಮೂರು.
ಲೆಕ್ಕಿಗರೊಬ್ಬರು: ತಲೆಬುಡವಿಲ್ಲ.
ಗೃಹಿಣಿಯೊಬ್ಬರು: ಮಕ್ಕಳು ಮೀನು ಮುಟ್ಟಲೇ ಇಲ್ಲ, ತಣ್ಣಗಾಯಿತು.'

ಹಲ್ ಊರಿನ ಹೆಸಲ್ ರಸ್ತೆಯ ಬ್ಲೆಂಕಿನ್ನರ ಮನೆಯನ್ನು
ಯಾರೂ ಕೇಳಲಿಲ್ಲ, ಆ ಮನೆ ಲೆಕ್ಕಕ್ಕೇ ಇರಲಿಲ್ಲ.
ಅಪ್ಪ ಟ್ರಾಲರ್ ಹತ್ತಿ ಮೂರು ವಾರ ಐಸ್‌ಲ್ಯಾಂಡಿನಾಚೆ,
ಮೂರು ದಿನ ಮನೆಯಲ್ಲಿ.
ಅವನು ಹೊರಟ ದಿನ ಎಡ್ನಾ ಬಟ್ಟೆ ಒಗೆಯುತ್ತಿರಲಿಲ್ಲ,
ಒಗೆದರೆ ಗಂಡ ಕೊಚ್ಚಿಹೋಗುತ್ತಾನೆ.
ಹತ್ತು ವರ್ಷದ ನೆವಿಲ್ ಶನಿವಾರ ಸಂಜೆ
ಮಾವನ ರೆಕಾರ್ಡರಿನ ಮೈಕನ್ನು
ಟೀವಿಯ ಬಾಯಿಗೆ ಹಿಡಿದು ಮಂಡಿಯೂರುತ್ತಿದ್ದ,
ಅಪ್ಪನ ಪಾಲು ಎತ್ತಿಡಲು.

ಮೊನ್ನೆ, ಎಪ್ಪತ್ತು ದಾಟಿದ ಮೇಲೆ, ಅಂಚೆಯಲ್ಲಿ ಕಳಿಸಿದ್ದಾನೆ.
ಜೊತೆಗೊಂದು ಚೀಟಿ: ಬಿಸ್ಕತ್ತಿನ ಡಬ್ಬಿ ವಾಪಸು ಬೇಕು.

ಮೇಲಿನವರ ಅಪ್ಪಣೆ: ಕ್ರಿಸ್‌ಮಸ್ಸಿಗೆ ಪೆಟ್ಟಿಗೆ ಮಾರುಕಟ್ಟೆಗೆ ಬರಬೇಕು,
ಅಭಿಮಾನಿಗಳು ಮುಂಗಡ ಕೊಟ್ಟಾಗಿದೆ,
ಮನೆಯ ಸದ್ದೆಲ್ಲ ತೆಗೆಯಿರಿ.
ತೆಗೆದೆ. ಎರಡನೇ ನಿಮಿಷದ ಕೆಟಲಿನ ಸಿಳ್ಳು.
ಆರರಲ್ಲಿ ಕುರ್ಚಿ ಎಳೆದದ್ದು.
ಒಂಬತ್ತರಲ್ಲಿ, ರಾಕ್ಷಸ ಬಾಯಿ ತೆರೆಯುವಾಗ ಸರಿಯಾಗಿ,
ಎಡ್ನಾಳ ಕೆಮ್ಮು. ಸ್ವಲ್ಪ ತಡೆದು, ಅದನ್ನೂ.
ಹಿನ್ನೆಲೆಯ ಅಲೆಯನ್ನು ಮುಟ್ಟಲಿಲ್ಲ. ಅದು ನಿಗಮದ್ದೇ ಅಲೆ.
ಕ್ಲಿಫರ್ಡ್ ಬ್ಲೆಂಕಿನ್ ತೊಟ್ಟಿಯಲ್ಲಿ ಮೈ ತೊಳೆಯುತ್ತ ಕೇಳಿ
'ಸಮುದ್ರವಂತೆ! ಜರಡಿಯಲ್ಲಿ ಒಣ ಬಟಾಣಿ' ಎಂದು ನಕ್ಕನೆಂದು
ಚೀಟಿಯ ಹಿಂಬದಿಯಲ್ಲಿದೆ.
ಖರ್ಚಿನ ಪಟ್ಟಿ ತೆಗೆದು ನೋಡಿದೆ:
ಬಟಾಣಿ, ಎರಡು ಪೌಂಡು ತೂಕ.

ಹದಿನೇಳನೇ ನಿಮಿಷಕ್ಕೆ ಬಂದು ಕೈ ನಿಂತಿದೆ.
ಅಲ್ಲಿ ಮಾತಿಲ್ಲ, ಸಂಗೀತವಿಲ್ಲ, ಬಟಾಣಿಯೂ ಇಲ್ಲ,
ಒಂದು ನಿಮಿಷ ಹತ್ತು ಸೆಕೆಂಡು ನೌಕೆಯವರೆಲ್ಲ ಏನನ್ನೋ ನೋಡುತ್ತಾರೆ.
ಏನನ್ನು? ಸ್ಕ್ರಿಪ್ಟಿನಲ್ಲಿ ಒಂದೇ ಸಾಲು: 'ನೋಡುತ್ತಾರೆ.'
ನಿರ್ದೇಶಕ ಸತ್ತು ಮೂವತ್ತು ವರ್ಷ.
ಕ್ಯಾಮೆರಾದವನಿಗೆ ನೆನಪಿರುವುದು
ಅಂದು ಕ್ಯಾಂಟೀನಿನಲ್ಲಿ ಸಿಕ್ಕ ಪೈ ಮಾತ್ರ.

ಆ ಮೌನದೊಳಗೆ, ಮೈಕಿಗೆ ತುಟಿ ತಾಗಿಸಿ, ಪಿಸುದನಿ:

'ಅಪ್ಪಾ, ಈಗ ಕಿಟಕಿ ತೋರಿಸ್ತಿದಾರೆ.
ಹೊರಗೆ ಪೂರ್ತಿ ಕಪ್ಪು.
ದೂರದಲ್ಲಿ ಒಂದು ದೀಪ ಇದೆ. ಇಲ್ಲ, ಆರಿಹೋಯ್ತು.
ಇರು. ಇದೆ.
ಕ್ಯಾಪ್ಟನ್ ಟೋಪಿ ತೆಗೆದ.
ಯಾಕೋ ಗೊತ್ತಿಲ್ಲ. ಅಮ್ಮ ಅಳ್ತಿದಾಳೆ.'

ಅಳಿಸುವ ಗುಂಡಿ ಬೆರಳ ಕೆಳಗೇ ಇದೆ.
ಒತ್ತಿದರೆ ಉಳಿಯುವುದು ಹುರಿದ ಹಾಗೆ ಬರೀ ಸಿರ್ರೆನ್ನುವ ಟೇಪು.

ಕೆಲಸದ ಹಾಳೆಯಲ್ಲಿ ಬರೆದೆ:
ತೆಗೆದ ಸದ್ದು ನಲವತ್ತೊಂದು.
ತೆಗೆಯಲಾಗದ್ದು ಒಂದು. ಕಾರಣದ ಕಾಲಂ ಖಾಲಿ ಬಿಟ್ಟೆ.

ಅಂಚೆ ಐದೂವರೆಗೆ ಮುಚ್ಚುತ್ತದೆ.
ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ.