ತೂತು ಕುರ್ಚಿ

ವಿಜಾಪುರದಾಗ ನಮ್ಮ ಓಣಿಗೆ
ನೀರು ಬಿಡೂದು ಐದು ದಿನಕ್ಕೊಮ್ಮಿ.
ಬಲಗೈ ಬಗಲಗೋಲಿಗೆ ಮೀಸಲು,
ಉಳಿದದ್ದು ಎಡಗೈ.
ಅದಕ್ಕ ತಾಳಿದಷ್ಟು ಸಣ್ಣ ಕೊಡ,
ಆ ಕೊಡದಾಗೂ ಮುಕ್ಕಾಲು;
ತುಂಬಿದ್ದು ಹೊಸ್ತಿಲದಾಗ ತುಳುಕತೈತಿ.

ಅಕ್ಕಿ ತೊಳದ ನೀರು ಕರಿಬೇವಿಗೆ,
ಅರಬಿ ಹಿಂಡಿದ್ದು ಬಚ್ಚಲ ತಿಕ್ಕಾಕ.
ಹರದ ಕ್ಯಾಲಿಪರಿನ ಚರ್ಮದ ಪಟ್ಟಿ
ಈಗ ಬಕೇಟಿನ ಹಿಡಿಕಿ.
ನನ್ನ ಮನಿಯ ಒಂದೊಂದು ಹನಿಗೂ
ನನ್ನ ಮೊಣಕಾಲಿನ ಸದ್ದು ಗೊತ್ತು.

ಮೊನ್ನೆ ಪಾಲಿಕಿಯಿಂದ ಒಬ್ಬ ಹುಡುಗಿ ಬಂದಿದ್ಳು,
ಹಸಿಕಸ ಒಣಕಸದ ಪಾಠ ಹೇಳಾಕ.
ಡಬ್ಬಿ ಮುಚ್ಚಳ ತಗದು ನೋಡಿದ್ಳು:
ಎರಡು ಬಳ್ಳೊಳ್ಳಿ ಸಿಪ್ಪಿ,
ಗುಳಿಗಿ ತೀರಿದ ಒಂದು ಹಾಳಿ.
'ಅಕ್ಕಾರ, ಫೋಟೋ ತಗೀತೀನಿ,
ಇಡೀ ವಾರ್ಡಿಗೇ ಮಾದರಿ ನೀವು.'

ಮಾದರಿ!
ಕಸ ಮಾಡಾಕ ಪ್ಯಾಟಿಗೆ ಹೋಗಿ ಬರಬೇಕವ್ವಾ,
ಪ್ಯಾಟಿಗೆ ಹೋಗಾಕ ಬಸ್ಸು ಹತ್ತಬೇಕು,
ಬಸ್ಸಿನ ಮೊದಲನೇ ಮೆಟ್ಟಲಾ ನನ್ನ ಸೊಂಟದಷ್ಟು ಎತ್ತರ.
ಅನ್ನಲಿಲ್ಲ.
ಸೆರಗು ಸರಿ ಮಾಡ್ಕೊಂಡು ಹಲ್ಲು ಕಾಣೂಹಂಗ ನಕ್ಕೆ.
ಫೋಟೋದ ಆಸೆ ಯಾರಿಗಿಲ್ಲ?

ಆಮ್ಯಾಲ ಆಕಿ ಕಣ್ಣು ಹಿತ್ತಲಕ್ಕ ಹೋತು.
ಅಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ,
ಬಿಸಲಿಗೆ ಬಣ್ಣ ಹೋಗಿ ಒಸಡಿನಂಗ ಆಗಿದ್ದು,
ನಡುವ ಗುಂಡನ್ನ ತೂತು.
'ಇದೊಂದು ಗುಜರಿಗೆ ಹಾಕಿಬಿಡ್ರಿ.
ಪ್ಲಾಸ್ಟಿಕ್ ವಿಷ ಅಕ್ಕಾರ.'

ವಿಷ ಖರೆ.
ಗಟಾರದಾಗ ನೋಡೇನಿ,
ಸತ್ತ ಆಕಳ ಹೊಟ್ಟ್ಯಾಗಿಂದ ತಗದದ್ದೂ ನೋಡೇನಿ.
ಆದ್ರ ಈ ಕುರ್ಚಿಗೆ ಏನನ್ನಲಿ?

ಸರಕಾರದ ರೊಕ್ಕದಾಗ ಕಟ್ಟಿದ ಸಂಡಾಸು
ಕುಕ್ಕರಗಾಲಿಲೆ ಕೂಡಾವರಿಗೆ ಕಟ್ಟಿದ್ದು.
ಅವ್ವ ನನ್ನ ಎರಡೂ ರೆಟ್ಟಿ ಹಿಡದು
ಗ್ವಾಡಿ ಕಡೆ ಮುಖ ತಿರುವಿ ನಿಂದರತಿದ್ಳು.
ನನಗಾಗ ಇಪ್ಪತ್ತಾರು.
ಒಂದಿನ ಏನು ತಿಳೀತೋ,
ಕುಡಗೋಲು ಕೆಂಡದಾಗ ಕಾಸಿ
ಕುರ್ಚಿಯ ನಟ್ಟನಡುವ ಕೊರದ್ಳು.
ಸುಟ್ಟ ವಾಸನಿ ಎರಡು ದಿನ ಮನ್ಯಾಗ.
ಮೂರನೇ ದಿನ, ಜನ್ಮದಾಗ ಮೊದಲನೇ ಸಲ,
ಒಳಗಿಂದ ಚಿಲಕ ಹಾಕ್ಕೊಂಡೆ ನಾನು.

ಅವ್ವ ಹೋಗಿ ಒಂಬತ್ತು ವರ್ಷ.
ಕುರ್ಚಿಯ ಒಂದು ಕಾಲು ಸೀಳಿತು, ತಂತಿಲೆ ಹೊಲದೆ.
ಇನ್ನೊಂದು ಜಾರತಿತ್ತು. ಟಾಂಗಾದ ಬಂದಗಿಸಾಬ
ಹಳೆ ಗಾಲಿಯ ರಬ್ಬರ ಕೊಯ್ದು
ನಾಕೂ ಕಾಲಿಗೆ ಬೂಟು ತೊಡಿಸಿಕೊಟ್ಟ,
ಉಳದ ಚೂರು ನನ್ನ ಬಗಲಗೋಲಿಗೆ.
'ಕುದರಿ ದಣದದ ಬೇಟಾ,
ಗಾಲಿಗಿನ್ನೂ ನಡಿಯೂ ಹಂಬಲ' ಅಂದ.
ಗಾಂಧಿಚೌಕದಿಂದ ಟೇಸನ್ನಿಗೆ
ಸಾವಿರ ಸಲ ಓಡಿದ ರಬ್ಬರು
ಈಗ ಒಲಿಯಿಂದ ಬಚ್ಚಲಕ್ಕ, ಬಚ್ಚಲದಿಂದ ಒಲಿಗೆ.

ಇಷ್ಟೂ ಹೇಳಿಬಿಟ್ಟೆ ಆಕಿ ಮುಂದ.
ಹೆಂಗ ಹೇಳಿದ್ನೋ, ನನಗ ಬ್ಯಾರೆಯವರ ಮುಂದ
'ಸಂಡಾಸು' ಅಂದೂ ಗೊತ್ತಿದ್ದಿಲ್ಲ.
ಹುಡುಗಿ ಪೆನ್ನಿನ ಟೊಪ್ಪಿಗಿ ಕಡಕೋತ ನಿಂತ್ಳು.
ಆಮ್ಯಾಲ ಸಣ್ಣ ದನಿಲೆ:
'ತೂತು ಎಷ್ಟು ದೊಡ್ಡದು ಕೊರೀಬೇಕ್ರಿ?
ನಮ್ಮ ಆಯಿಗೆ ಹ್ವಾದ ದೀಪಾವಳಿಯಿಂದ
ಒಂದು ಮಗ್ಗಲ ಬಿದ್ದೈತಿ.
ನಾನೂ ಗ್ವಾಡಿ ನೋಡಕೋತ ನಿಂದರತೀನಿ.'

ಖಡು ತಗೊಂಡು ನೆಲದ ಮ್ಯಾಲ ಬರದು ತೋರಿಸಿದೆ.
ರೊಟ್ಟಿಗಿಂತ ನಾಕು ಬೆರಳು ಸಣ್ಣದಿರಲಿ.
ಕೊರದ ಅಂಚಿಗೆ ಕಲ್ಲು ಹಾಕಿ ತಿಕ್ಕು, ತಪ್ಪಸಬ್ಯಾಡ;
ನಮ್ಮವ್ವ ಮರತಿದ್ಳು,
ಮೊದಲನೇ ದಿನದ ಗೀರು
ಇನ್ನೂ ನನ್ನ ತೊಡಿ ಮ್ಯಾಲೈತಿ.
ಹೊಸಾದು ಕೊಳ್ಳಬ್ಯಾಡ.
ಗುಜರಿಯವನ ಕಡೆ ಕೇಳು,
ಮುವ್ವತ್ತು ರೂಪಾಯಿಗೆ ಕೊಡತಾನ.

ಆಕಿ ಬಗ್ಗಿ ಗೇಣಿಲೆ ಅಳತಿ ಹಿಡದ್ಳು,
ಪಾಲಿಕಿಯ ವಹಿಯ ಹಿಂದಿನ ಹಾಳ್ಯಾಗ ಬರಕೊಂಡ್ಳು.
ಫೋಟೋ ತಗಿಯೂದು ಮರತೇ ಹೋದ್ಳು.

ಹೊತ್ತು ಮುಳಗೂಮುಂದ
ಮುಕ್ಕಾಲು ಕೊಡ ನೀರು ಎಡಗೈಲೆ ಎತ್ತಿ
ಕುರ್ಚಿ ಮ್ಯಾಲ ಸುರವಿದೆ,
ಬೆನ್ನು, ಕೈ, ತೂತಿನ ಅಂಚು, ರಬ್ಬರ ಬೂಟು.
ಈ ನೀರಿಗೆ ಮಾತ್ರ
ನಾ ಲೆಕ್ಕಾ ಇಡೂದಿಲ್ಲ.