ಷರಾ

ಕಯಾನಿ. ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ಕಾರಿನ ಎಂಜಿನ್ನಿಗೆ ಕರೆಂಟಿನ ವೈರು ಸಿಕ್ಕಿಸಿ ಬಂದಿದ್ದೇನೆ,
ಇಲ್ಲದಿದ್ದರೆ ರಾತ್ರಿ ಅದು ಏಳುವುದಿಲ್ಲ.
ನನ್ನ ಮೊಣಕಾಲೂ ಹಾಗೇ; ಅದಕ್ಕೆ ವೈರಿಲ್ಲ.

ಐಸ್ ಹಾಕಿಯ ಅಂಗಳ. ಮೇಲಿನ ಸಾಲು, ಕಂಬದ ಪಕ್ಕದ ಕುರ್ಚಿ.
ಮೂವತ್ತೊಂದು ಚಳಿಗಾಲ ಇಂಥದೇ ಕುರ್ಚಿ, ಇಂಥದೇ ಕಾಫಿ,
ತೊಡೆಯ ಮೇಲೆ ಇದೇ ನಮೂನೆ:
ಸ್ಕೇಟಿಂಗ್. ಕೈಚಳಕ. ಹೊಡೆತ. ಆಟದ ಬುದ್ಧಿ. ಧೈರ್ಯ.
ಒಂದರಿಂದ ಒಂಬತ್ತರವರೆಗೆ ಅಂಕ.
ಕೊನೆಗೆ ಎರಡು ಬೆರಳಗಲ ಜಾಗ, ಷರಾ.

ಹುಡುಗನ ಹೆಸರು ನೀಲೋ ಹುತ್ತುನೆನ್.
ಹದಿನೇಳು ವರ್ಷ ನಾಲ್ಕು ತಿಂಗಳು.
ತುಟಿಯ ಮೇಲೆ ಮೀಸೆಯಲ್ಲ, ಮೀಸೆಯ ವದಂತಿ.
ಜೂನಿನಲ್ಲಿ, ಸಮುದ್ರದಾಚೆಯ ಯಾವುದೋ ಸಭಾಂಗಣದಲ್ಲಿ
ಹೆಸರು ಕೂಗುತ್ತಾರೆ, ಟೋಪಿ ತೊಡಿಸುತ್ತಾರೆ.
ಅದಕ್ಕೆ ಮುಂಚೆ ಹಣೆಬರಹ ಬರೆಯುವವರು ನಾವು.
ದಿನಭತ್ಯೆ ಉಂಟು, ಪೆಟ್ರೋಲಿನ ಖರ್ಚು ಪ್ರತ್ಯೇಕ.

ನೋಡಿ, ಬಂದ.
ಓಡುವುದಲ್ಲ ಇದು, ಜಾರುವುದೂ ಅಲ್ಲ,
ದರ್ಜಿ ಬಿಳಿ ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದ ಹಾಗೆ
ಅಂಗಳ ಎರಡಾಗುತ್ತದೆ.
ಕಪ್ಪು ಬಿಲ್ಲೆ ಅವನ ಕೋಲಿನ ಹತ್ತಿರ
ಸಾಲಗಾರನ ಹಾಗಲ್ಲ, ನೆಂಟನ ಹಾಗೆ ಬಂದು ಕೂರುತ್ತದೆ.
ಇಬ್ಬರು ಅಡ್ಡ ಬಂದರು. ಅವನು ನೋಡುತ್ತಿದ್ದುದು ಮೂರನೆಯವನನ್ನು,
ಇನ್ನೂ ಹೊರಡದೇ ಇದ್ದ ಮೂರನೆಯವನನ್ನು.
ಆಟದ ಬುದ್ಧಿ: ಒಂಬತ್ತು.
ಇಷ್ಟು ವರ್ಷದಲ್ಲಿ ನಾನು ಕೊಟ್ಟ ನಾಲ್ಕನೆಯ ಒಂಬತ್ತು.

ಬೆಳೆಯ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ.
ಇರಬಹುದು.
ಮೊಳಕೆಯಲ್ಲಿ ಕಾಣದ್ದು ಆಲಿಕಲ್ಲು ಬೀಳುವ ತಾರೀಕು.

ಎರಡನೆಯ ಅವಧಿ, ಹನ್ನೊಂದನೆಯ ನಿಮಿಷ.
ಎಡಮೂಲೆಯ ಹಲಗೆಗೆ ಅವನನ್ನು ಯಾರೋ ಒತ್ತಿದರು.
ದೊಡ್ಡ ಪೆಟ್ಟಲ್ಲ. ಎದ್ದ, ಹೆಲ್ಮೆಟ್ ಸರಿಮಾಡಿಕೊಂಡ, ನಕ್ಕ ಕೂಡ.
ಆಮೇಲೆ ಬಿಲ್ಲೆ ನಾಲ್ಕು ಸಲ ಎಡಮೂಲೆಗೆ ಹೋಯಿತು.
ಅವನು ಹೋಗಲಿಲ್ಲ.
ನೀರಿನ ಬಾಟಲಿಯನ್ನು ಬಲಗೈಯಲ್ಲಿ ಎತ್ತಿದ.
ಅವನು ಎಡಚ.

ನನ್ನ ಸಾಲಿನಲ್ಲಿ ಇದೇ ಕಸುಬಿನವರು ಇನ್ನೂ ಏಳು ಜನ.
ಆರು ಜನ ಫೋನು ನೋಡುತ್ತಿದ್ದರು,
ಪಕ್ಕದವನು ಸಾಸೇಜು ತಿನ್ನುತ್ತಿದ್ದ.

ವಿರಾಮ. ಕ್ಯಾಂಟೀನಿನಲ್ಲಿ ಕಾಫಿ ಬಗ್ಗಿಸುವವಳು ಅವನ ತಾಯಿ, ತೂಯಿರೆ.
'ಕ್ರಿಸ್‌ಮಸ್ಸಿನಿಂದೀಚೆ ಅರ್ಧ ಸೆಂಟಿಮೀಟರ್ ಎತ್ತರ ಆಗಿದ್ದಾನೆ,
ಅಡುಗೆಮನೆ ಬಾಗಿಲ ಮೇಲೆ ಗೆರೆ ಹಾಕಿದ್ದೇನೆ, ಬೇಕಾದರೆ ಬಂದು ನೋಡಿ.'
ನಾನು ಕೇಳಿರಲಿಲ್ಲ.
'ನಿದ್ದೆ ಚೆನ್ನಾಗಿ ಮಾಡುತ್ತಾನಾ?' ಎಂದೆ.
'ಮಾಡುತ್ತಾನೆ. ಈಚೆಗೆ ಬಲಮಗ್ಗುಲಲ್ಲೇ ಮಲಗುತ್ತಾನೆ,'
ಎಂದು ಸಕ್ಕರೆ ಮುಂದೆ ತಳ್ಳಿದಳು.

ಕೆಳಗೆ ಮಂಜುಗಡ್ಡೆ ನುಣುಪು ಮಾಡುವ ಯಂತ್ರ.
ಗೀರು, ಗೀಚು, ಬಿದ್ದ ಗುರುತು, ಎಲ್ಲ ಅಳಿಸುತ್ತ ಸುತ್ತು ಹಾಕುತ್ತಿದೆ.
ಮೇಲೆ ಕೂತವನು ಆರ್ತೂ ಸೀವೋನೆನ್.
ಹತ್ತೊಂಬತ್ತು ವರ್ಷದ ಹಿಂದೆ ನನ್ನ ಪಟ್ಟಿಯಲ್ಲಿ ಮೂರನೆಯವನು,
ನನ್ನ ಎರಡನೆಯ ಒಂಬತ್ತು.
ಅವತ್ತು ಕಾರು ನಿಲ್ಲಿಸುವ ಜಾಗದಲ್ಲಿ
ಯಾರೂ ಇಲ್ಲವೆಂದುಕೊಂಡು ಅವನು ಕುಂಟಿದ್ದನ್ನು ಕಂಡಿದ್ದೆ.
ಹಾಲುಗಲ್ಲದ ಹುಡುಗ, ಯಾಕೆ ಕೆಡಿಸಲಿ ಎಂದು
ಷರಾ ಖಾಲಿ ಬಿಟ್ಟೆ.
ಕುಂಟುತ್ತಲೇ ಮೂರು ವರ್ಷ ಆಡಿಸಿದರು ಅವನನ್ನು, ಮುರಿಯುವವರೆಗೆ.
ಈಗ ತಿರುವಿನಲ್ಲಿ ನನ್ನನ್ನು ಕಂಡು
ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತುತ್ತಾನೆ.
ಕೋಪವೇನೂ ಇಲ್ಲ ಮುಖದಲ್ಲಿ. ಅದೇ ಕಷ್ಟ.

ಬರೆದರೆ, ಐದರೊಳಗಿನ ಹುಡುಗ ಐವತ್ತಕ್ಕೆ ಇಳಿಯುತ್ತಾನೆ.
ಅಡುಗೆಮನೆಯ ಬಾಗಿಲಿಗೆ ಗೊತ್ತಾಗುತ್ತದೆ.
ಬರೆಯದಿದ್ದರೆ
ಇನ್ನೊಂದು ಯಂತ್ರಕ್ಕೆ ಇನ್ನೊಬ್ಬ ಚಾಲಕ.

ಶಾಯಿ ಹೆಪ್ಪುಗಟ್ಟಿದೆ. ಪೆನ್ನನ್ನು ಕಂಕುಳಲ್ಲಿಟ್ಟು
ಜ್ವರ ನೋಡಿಕೊಳ್ಳುವವನ ಹಾಗೆ ಕೂತಿದ್ದೇನೆ.
ಮೂರನೆಯ ಅವಧಿ ಶುರುವಾಗಿದೆ, ಒಂದು ಗೋಲು ಹಿಂದಿದ್ದಾರೆ.
'ಎಡಭುಜ' ಎಂದು ಬರೆದು ಅಲ್ಪವಿರಾಮ ಹಾಕಿದೆ.
ಅಷ್ಟರಲ್ಲಿ ಬಿಲ್ಲೆ ಎಡಮೂಲೆಗೆ ಹೊರಟಿತು,
ಈ ಸಲ ಅದರ ಹಿಂದೆ ಅವನೂ.

'ಹೋಗಬೇಡ,' ಎಂದುಬಿಟ್ಟೆ, ಜೋರಾಗಿ.

ಪಕ್ಕದವನು ಸಾಸೇಜು ಕೆಳಗಿಟ್ಟು
ನನ್ನ ಕಡೆ ತಿರುಗಿದ.